ಒಳಗಿನ ಕಾವು

ಸತ್ತವರ ಹಬ್ಬ ಮುಗಿದು ಮೂರು ವಾರ.
ವುಚ್ ನಗರದ ಗೋರಿಗಳ ನಡುವೆ
ಬೊಗುಮಿವಾ ತಳ್ಳುಗಾಡಿ ತಳ್ಳುತ್ತಾಳೆ.
ಕಾವಲುಗಾರ ಈಗ ಏಕೆಂದು ಕೇಳುವುದೂ ಇಲ್ಲ.

ಚಳಿಗೆ ಕಪ್ಪಿಟ್ಟ ಸೇವಂತಿಗೆ,
ಫರ್ ಕೊಂಬೆ ಸುತ್ತಿದ ಮಾಲೆ.
ತಂತಿ ಬಿಚ್ಚಬೇಕು, ಮೇಣ ಕೆರೆಯಬೇಕು.
ಮೂವತ್ತು ವರ್ಷ ಗಿರಣಿಯ ಮಗ್ಗದಲ್ಲಿ
ಕಡಿದ ಎಳೆ ಹುಡುಕಿದ ಬೆರಳಿಗೆ
ಇದೇನು ಮಹಾ.

‘ನಿನ್ನ ಮರೆಯೆವು’ ಎಂದು ಬರೆದ
ನೈಲಾನ್ ಪಟ್ಟಿ ಮಾತ್ರ ಕೊಳೆಯದು.
ಹೋದ ವರ್ಷದ್ದೊಂದು ರಾಶಿಯ ತಳದಲ್ಲಿ ಸಿಕ್ಕಿತ್ತು,
ಅಕ್ಷರ ಇನ್ನೂ ಫಳಫಳ,
ಹೂವಿನ ಸುಳಿವಿಲ್ಲ.
ನಕ್ಕು, ಅದರಲ್ಲೇ ಟೊಮೇಟೊ ಗಿಡಕ್ಕೆ ಆಸರೆ ಕಟ್ಟಿದ್ದಳು.

ಗಂಡ ಝೆನೊನನ ಗೋರಿಯ ಹೂವೂ ಇದೇ ಗಾಡಿಯಲ್ಲಿದೆ.
ಯಾವುದೆಂದು ಈಗ ಹೇಳಲಾರಳು.
ನೆರೆಮನೆಯವರೊಡನೆ ಎರಡು ಮಾತಾಡದೆ ಹೋದವನು
ಅಂತೂ ಎಲ್ಲರ ಜೊತೆ ಬೆರೆತ.

ಪಾದ್ರಿ ಒಮ್ಮೆ ಕೇಳಿದ್ದರು:
‘ಭಾನುವಾರ ಕಾಣಲಿಲ್ಲವಲ್ಲ?’
‘ರಾಶಿ ತಿರುವುವುದಿತ್ತು, ಫಾದರ್.’
ಅವರು ಸುಮ್ಮನಿದ್ದು, ಮಾರನೆಯ ದಿನ
ಒಂದು ಚೀಲ ಮೊಟ್ಟೆಚಿಪ್ಪು ಕಳಿಸಿದ್ದರು.

ಡಿಸೆಂಬರ್. ರೈಲು ಹಳಿಯ ಪಕ್ಕ
ಅವಳ ತುಂಡು ತೋಟ ಹಿಮದಡಿ.
ಆ ಒಂದು ರಾಶಿಯ ಮೇಲೆ ಮಾತ್ರ ಹಿಮ ನಿಲ್ಲದು;
ಹಬೆ ಏಳುತ್ತದೆ, ತೆಳ್ಳಗೆ,
ಕೊಟ್ಟಿಗೆಯ ಕತ್ತಲಲ್ಲಿ ಹಸು ಉಸಿರಿದಂತೆ.

ಕೈಗವಸು ಕಳಚಿ, ತೋಳು ಮಡಚಿ
ಮೊಣಕೈವರೆಗೆ ಒಳಗಿಳಿಸುತ್ತಾಳೆ,
ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.
ಇದೆ. ಸುಡುವಷ್ಟಿದೆ.

ಬಾಯಿಗೆ ಬಂದದ್ದು
ಬಾಲ್ಯದಲ್ಲಿ ಕಲಿತ ಯಾವ ಪ್ರಾರ್ಥನೆಯೂ ಅಲ್ಲ:
ಇನ್ನೊಂದಿಷ್ಟು ಆಲೂಗಡ್ಡೆ ಸಿಪ್ಪೆ ಹಾಕಬೇಕು.

ರೈಲು ಹೋಯಿತು. ಬೆಳಕು ಹೋಯಿತು.
ಕೈ ಹೊರಗೆ ಬರಲೊಲ್ಲದು.