ಅರ್ಹವಲ್ಲದ ಪೆಟ್ಟಿಗೆ

ಶಿವಮೊಗ್ಗದ ಕೋರ್ಟಿನೆದುರು ಛಾಪಾಕಾಗದದ ಸಾಲಂಗಡಿಗಳಲ್ಲಿ
ನನ್ನದು ಮೂರನೆಯದು. ಒಂದು ಟೇಬಲ್ಲು, ಒಂದು ಪ್ರಿಂಟರು,
ಮುಚ್ಚಿಹೋದ ಕಂಪ್ಯೂಟರ್ ತರಬೇತಿ ಕೇಂದ್ರದವರು
ತೂಕಕ್ಕೆ ಹಾಕುವ ಮೊದಲು ಕೊಂಡುತಂದ ಈ ಪೆಟ್ಟಿಗೆ.
ಎಡಗಡೆ ತಗಡಿಗೆ ಸ್ಕ್ರೂ ಇಲ್ಲ, ಬೈಂಡಿಂಗ್ ದಾರ ಕಟ್ಟಿದ್ದೇನೆ.

ಹಳೆಯ ವಿಂಡೋಸಿಗೆ ಇನ್ನು ಮದ್ದಿಲ್ಲ ಎಂದರು.
ಹೊಸದು ಹಾಕಹೋದರೆ ತೆರೆ ತುಂಬ ಒಂದೇ ಮಾತು:
ಈ ಯಂತ್ರ ಅರ್ಹವಲ್ಲ.
ಪಡಿತರ ಚೀಟಿಗೆ, ವಿಧವಾ ವೇತನಕ್ಕೆ, ಹಕ್ಕುಪತ್ರಕ್ಕೆ
ಎಷ್ಟು ಜನರಿಗೆ ಓದಿ ಹೇಳಿದ್ದೇನೆ ಈ ಮಾತು,
ನನ್ನ ಟೇಬಲ್ಲಿಗೇ ಬರುತ್ತದೆಂದುಕೊಂಡಿರಲಿಲ್ಲ.

ದಸ್ತಗೀರ ಬಂದ, ದುರ್ಗಿಗುಡಿಯ ಅಂಗಡಿ ಮುಚ್ಚಿ,
ಹೆಲ್ಮೆಟ್ಟಿನೊಳಗೆ ಮಂಡಕ್ಕಿ ಪೊಟ್ಟಣ, ಜೇಬಲ್ಲಿ ಪೆನ್‌ಡ್ರೈವ್.
'ಕಂಪನಿಯದ್ದಲ್ಲ ವಾರಿಜಕ್ಕ, ಯಾರೋ ಕತ್ತರಿಸಿ ಹೊಲಿದದ್ದು.
ಒಳಗೆ ಹೋಗುವಾಗ ನೀನು ಯಾರು ಅಂತ ಕೇಳ್ತದೆ.
ಕೇಳೋ ಜಾಗದಲ್ಲೇ ಒಂದು ಸುಳ್ಳು ಬರೆದಿಟ್ಟಿರ್ತಾರೆ.'
ಇಪ್ಪತ್ತೆರಡು ವರ್ಷ
'ಮೇಲ್ಕಂಡದ್ದೆಲ್ಲ ನನ್ನ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ ಸತ್ಯ'
ಎಂದು ಟೈಪು ಮಾಡಿದ ಬೆರಳುಗಳನ್ನು
ಮಡಿಲಲ್ಲಿಟ್ಟುಕೊಂಡು ಕೂತೆ.

ಮೊದಲ ಸಲ, ಕಪ್ಪು ಪರದೆಯಲ್ಲಿ ಒಂದು ಬಿಳಿ ಗೀಟು
ಮಿಟುಕಿ ಮಿಟುಕಿ ನಿಂತಿತು.
ಎರಡನೆಯ ಸಲ ಅದೂ ಇಲ್ಲ.
ರ್‍ಯಾಮ್ ಕಿತ್ತು ನನ್ನ ಪೆನ್ಸಿಲ್ ರಬ್ಬರಿನಿಂದ ಅದರ ಹಲ್ಲು ತಿಕ್ಕಿದ.
ಫ್ಯಾನಿನಿಂದ ಹಿಡಿ ಧೂಳು, ಜಿರಲೆಯ ರೆಕ್ಕೆ,
ಯಾವ ಕಾಲದ ಯಾವ ಹುಡುಗಿಯದೋ
ಹಸಿರು ಸ್ಟಿಕ್ಕರ್ ಬೊಟ್ಟು.
ಮೂರನೆಯ ಸಲ ಶೇಕಡಾ ಮೂವತ್ತೊಂಬತ್ತರ ತನಕ ಹೋಗಿ
ಕೊಡೆ ಮರೆತವರ ಹಾಗೆ ತಿರುಗಿ ಬಂತು.

ಅವನು ಚಹಾ ತರಹೋಗಿದ್ದಾಗ ನಾನೇ ನೋಡಿದೆ,
ನೀಲಿ ಪುಟದ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ:
ಜನವರಿ ಒಂದು, ಎರಡು ಸಾವಿರದ ಒಂಬತ್ತು.
ಕರೆಂಟು ಹೋದಾಗಲೆಲ್ಲ ಅದು ಅಲ್ಲಿಗೇ ಹೋಗುತ್ತಿತ್ತು.
ಇನ್ನೂ ಹುಟ್ಟದ ಸಹಿಯನ್ನು ಹೇಗೆ ನಂಬೀತು?
ತಾರೀಕು ತಪ್ಪಿದ ಕಾಗದ ನೋಟರಿಯ ಮೇಜು ದಾಟುವುದಿಲ್ಲ,
ಇಷ್ಟು ನನಗೆ ಗೊತ್ತು.

ಆ ಜನವರಿಯಲ್ಲಿ ನಾನು
ವಾರಿಜ ಕೋಂ ಸದಾನಂದ.
ಆಗಸ್ಟಿನಲ್ಲಿ, ಇದೇ ಟೇಬಲ್ಲಿನಲ್ಲಿ,
ನನ್ನ ಅಫಿಡವಿಟ್ಟು ನಾನೇ ಹೊಡೆದೆ. ಕೋಂ ತೆಗೆದೆ.
ಆ ಜಾಗದಲ್ಲಿ ಅಪ್ಪನ ಹೆಸರು ಹಾಕಲೋ ಬೇಡವೋ ಎಂದು
ಊಟದ ಹೊತ್ತು ಕಳೆಯಿತು.
ಹಾಕಿದೆ. ಕಾಲಂ ಖಾಲಿ ಬಿಟ್ಟರೆ ಅರ್ಜಿ ತಿರುಗಿ ಬರುತ್ತದಲ್ಲ.

ಗಡಿಯಾರದಂಗಡಿಯಿಂದ ಗುಂಡಿಯಷ್ಟು ಸೆಲ್ಲು, ಮೂವತ್ತು ರೂಪಾಯಿ.
ಹಳೆಯದನ್ನು ನನ್ನ ಹೇರ್‌ಪಿನ್ನಿನಿಂದ ಎಬ್ಬಿಸಿದೆವು.
ತಾರೀಕು ಇವತ್ತಿಗೆ ಬಂತು.
ಆಮೇಲೆ ನಲವತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ,
ಮಂಡಕ್ಕಿಯಲ್ಲಿ ಶೇಂಗಾ ಹೆಕ್ಕುತ್ತ,
ತೊಂಬತ್ತೆಂಟು,
ತೊಂಬತ್ತೆಂಟೇ,
ತೊಂಬತ್ತೊಂಬತ್ತು.

ತೆರೆಯುವ ಮೊದಲು ಕೇಳಿತು: ಈ ಸಾಧನಕ್ಕೊಂದು ಹೆಸರು ಕೊಡಿ.
ದಸ್ತಗೀರ ನನ್ನ ಹೆಸರೇ ಹೊಡೆಯಲು ಹೊರಟಿದ್ದ.
ಕೀಬೋರ್ಡು ನನ್ನ ಕಡೆಗೆ ಎಳೆದು
ಖಾಲಿ ಬಿಟ್ಟು ಮುಂದೆ ಒತ್ತಿದೆ.
ತಾನೇ ಏನೋ ಅಕ್ಷರ, ಅಂಕಿ ಕೂಡಿಸಿಕೊಂಡು
ಒಳಗೆ ಹೋಯಿತು.

ಧ್ವನಿ ಇಲ್ಲ. ಪ್ರಿಂಟರಿನ ಗುರುತು ಹತ್ತಲಿಲ್ಲ.
ಒತ್ತಕ್ಷರಗಳೆಲ್ಲ ಬುಡ ಬಿಟ್ಟು ಚೌಕಗಳಾಗಿ ಪಕ್ಕಕ್ಕೆ ಕೂತಿದ್ದವು,
ಸತ್ಯದ ಯ-ವತ್ತೂ.
ರಾತ್ರಿ ಹತ್ತರ ತನಕ ಫಾಂಟು ಹಾಕಿದ, ತೆಗೆದ, ಹಾಕಿದ.
ಅರ್ಕಾವತ್ತೊಂದು ಬಿಟ್ಟು ಉಳಿದವು ಬಂದವು.
ಧ್ವನಿಗೆ ಇನ್ನೊಂದು ಸಂಜೆ ಬೇಕಂತೆ.
ಬೇಡ ಮಾರಾಯ, ಮಾತಾಡುವವರು ಬೆಳಿಗ್ಗೆ ಬರುತ್ತಾರೆ ಎಂದೆ.

ಹತ್ತು ಗಂಟೆಗೆ ಗಾಜನೂರಿನ ಹಾಲಪ್ಪ,
ಪಹಣಿಯಲ್ಲಿ ಹಾಲಪ್ಪ, ಆಧಾರಿನಲ್ಲಿ ಹಾಲೇಶ,
ಎರಡೂ ತಾನೇ ಎಂದು ಪ್ರಮಾಣ ಮಾಡಬೇಕು.
ಅರ್ಜಿದಾರ ಎಂಬಲ್ಲಿ ಅರ್ಕಾವತ್ತು ಬೀಳದಿದ್ದರೆ
ನೀಲಿ ಪೆನ್ನಿದೆ, ಬರೆದುಕೊಡುತ್ತೇನೆ.