ತಿರುಗಿ ಬಾರದ ಕುರ್ಚಿ

ಶಾರ್ಜಾ, ಹತ್ತನೇ ಇಂಡಸ್ಟ್ರಿಯಲ್ ಏರಿಯಾ.
ಟೈರಿನಂಗಡಿ, ಅದರಾಚೆ ಗಾಜಿನ ಗೋದಾಮು,
ಅದರ ಹಿಂದೆ ನಮ್ಮ ಶೆಡ್ಡು.
ತಗಡಿನ ಚಾವಣಿ ಹನ್ನೆರಡರ ಬಿಸಿಲಿಗೆ
ರೊಟ್ಟಿ ಹೆಂಚು.

ರೀಮಾ ಮೇಡಂ ಟ್ಯಾಬಿನಲ್ಲಿ ಚಿತ್ರ ತೋರಿಸಿದರು.
ನೂರು ವರ್ಷ ದಾಟಿದ ಇಂಗ್ಲಿಷರ ಕುರ್ಚಿ:
ಓಕ್ ಮರ, ನೆಟ್ಟಗೆ ನಿಂತ ಪಟ್ಟಿಗಳ ಬೆನ್ನು,
ಬಳ್ಳಿಯಿಲ್ಲ, ಹೂವಿಲ್ಲ, ಸಿಂಹದ ಪಂಜವಿಲ್ಲ.
ಕೈ ಇಡುವ ಹಲಗೆಯನ್ನು ತೂರಿಕೊಂಡು
ಕಾಲಿನ ತುದಿ ಮೇಲೆ ಇಣುಕಿತ್ತು,
ನಡುವೆ ಒಂದು ಬೆಣೆ.
"ಯಂತ್ರಕ್ಕೆ ಬೇಸತ್ತವರ ಶೈಲಿ ಇದು ಮೌನೇಶ್,
ಜೋಡಿಸಿದ್ದನ್ನು ಮುಚ್ಚುವುದಿಲ್ಲ,
ಜೋಡಣೆಯೇ ಇದರ ಒಡವೆ."

ಸುರಪುರದಲ್ಲಿ ನಾವು ಇದನ್ನು ನಾಲಗೆ ಅಂತಿದ್ದೆವು.
ಕಂಬಕ್ಕೆ ನಾಲಗೆ, ತೊಲೆಗೆ ಬಾಯಿ.
ಬಾಯಿ ಕೂದಲೆಳೆಯಷ್ಟು ದೊಡ್ಡದಾದರೂ
ಅಪ್ಪ ಕೊಡತಿ ಕೆಳಗಿಟ್ಟು
ಬೀಡಿ ಹಚ್ಚುತ್ತಿದ್ದ. ಅಷ್ಟೇ ಬೈಗಳು.

ಮಜಾಝಿನ ಹೋಟೆಲಿಗೆ ಅರವತ್ತನಾಲ್ಕು,
ಹತ್ತೊಂಬತ್ತು ದಿನ.
ಸೂಪರ್‌ವೈಸರ್ ಸುಗತನ್ ಲೆಕ್ಕ ಹಾಕಿದ:
ಒಳಗೆ ಎಂಡಿಎಫ್, ಮೇಲೆ ಓಕಿನ ಸಿಪ್ಪೆ,
ಸ್ಕ್ರೂ, ಅಂಟು.
"ನಾಲಗೆ?" ಅಂದೆ.
ಮರುದಿನ ಒಂದು ಚೀಲ ಬಂತು.
ಅರ್ಧ ಸೋಪಿನಷ್ಟು ಅಗಲದ ತುಂಡುಗಳು,
ಯಂತ್ರ ಕತ್ತರಿಸಿದ್ದು, ನೂರಿಪ್ಪತ್ತೆಂಟು.
ಚೀಲದ ತುಂಬ ಬರೀ ನಾಲಗೆ,
ಬಾಯಿ ಒಂದಕ್ಕೂ ಇಲ್ಲ.
ಅಂಟಿಸಿದೆ. ಸಂಬಳ ಅದಕ್ಕೇ ಅಲ್ಲವೆ,
ಅಂಟಿಸಿದೆ.

ಚಿನಿಯೋಟಿನ ಗುಲ್ಫಾಮ್ ಪಾಲಿಶ್ ಹಾಕುವವನು.
ಹಿಂದೆ ಇವಕ್ಕೆ ಬಣ್ಣ ಬಳಿಯುತ್ತಿರಲಿಲ್ಲವಂತೆ,
ಅಮೋನಿಯದ ಹಬೆಗೆ ಕೂಡಿಹಾಕಿದರೆ
ಓಕು ತನ್ನಷ್ಟಕ್ಕೆ ಕಂದುತ್ತದಂತೆ.
"ಕುದುರೆ ಲಾಯದಲ್ಲಿ ಕಟ್ಟಿದಂಗೆ" ಎಂದು ನಕ್ಕು
ಸ್ಪ್ರೇ ಗನ್ನಿನ ಗುಂಡಿ ಒತ್ತಿದ.

ಒಂದು ಶುಕ್ರವಾರ ರಜೆ.
ಯಾವುದೋ ವಿಲ್ಲಾದ ಮೆಟ್ಟಿಲಿಗೆ ತರಿಸಿ ಮಿಕ್ಕ
ನಿಜದ ಓಕು ಮೂಲೆಯಲ್ಲಿತ್ತು.
ಯಾಕೆ ಎತ್ತಿಕೊಂಡೆನೋ, ಕೇಳಬೇಡಿ.
ಉಳಿ ಮಸೆದೆ.
ಎಂಟು ತಿಂಗಳಾಗಿತ್ತು ಅದನ್ನು ಮಸೆಯದೆ.
ಬಾಯಿ ಕೊರೆದೆ, ಮರ ಹುಳಿ ವಾಸನೆ ಬಿಟ್ಟಿತು.
ನಾಲಗೆ ಕೆತ್ತಿ, ತುದಿ ಸೀಳಿ, ಬೆಣೆ ಬಡಿದೆ,
ಮೂರನೇ ಪೆಟ್ಟಿಗೆ ಸದ್ದು ಬದಲಾಯಿತು.
ಹಾಗೆ ಬದಲಾದ ಮೇಲೆ ಬಡಿಯಬಾರದು,
ಅದು ಕಿವಿಗೆ ಗೊತ್ತು.

ಗುಲ್ಫಾಮ್ ಏನೂ ಕೇಳಲಿಲ್ಲ.
ನೀಲಿ ಡ್ರಮ್ಮೊಂದನ್ನು ಕುರ್ಚಿಗೆ ಬೋರಲು ಹಾಕಿ
ಒಳಗೆ ತಟ್ಟೆಯಲ್ಲಿ ಅಮೋನಿಯ ಇಟ್ಟ.
ಬೆಳಿಗ್ಗೆ ಎತ್ತಿದಾಗ
ಇಬ್ಬರ ಕಣ್ಣಲ್ಲೂ ನೀರು.
ಹಬೆಗೆ.

ಸುಗತನ್ ಎಣಿಸಿದ, ಅರವತ್ತನಾಲ್ಕು ಸರಿ.
ಲಾರಿ ಹೋಯಿತು.

ಈಗ ತಿಂಗಳಿಗೊಮ್ಮೆ ಪಿಕಪ್ಪು ಬರುತ್ತದೆ
ಹೋಟೆಲಿನಿಂದ, ರಿಪೇರಿಗೆ.
ಕಾಲು ಅಲುಗಿದ್ದು, ಸಿಪ್ಪೆ ಎದ್ದದ್ದು,
ಹೆಚ್ಚಿನವಕ್ಕೆ ನಾಲಗೆ ಬಿದ್ದಿರುತ್ತದೆ.
ಸುಳ್ಳು ಹೇಳಿದವರಿಗೆ ನಮ್ಮ ಅಜ್ಜಿ
ಇದನ್ನೇ ಶಾಪ ಹಾಕುತ್ತಿದ್ದಳು.
ನಾನು ಮತ್ತೆ ಅಂಟು ಹಚ್ಚುತ್ತೇನೆ.

ಪ್ರತಿಸಲ ಒಂದೊಂದನ್ನೂ ಬೋರಲು ಹಾಕಿ ನೋಡುತ್ತೇನೆ.
ಗುಲ್ಫಾಮ್ ಆ ಕಡೆಯಿಂದ ಕೂಗುತ್ತಾನೆ, "ಬಂತಾ?"
ಇಲ್ಲ ಅನ್ನುತ್ತೇನೆ.
"ಶುಕ್ರ್" ಅನ್ನುತ್ತಾನೆ.
ನೋಡಬೇಕೆಂದರೆ ಆ ಹೋಟೆಲಿನಲ್ಲಿ
ಚಹಾಕ್ಕೆ ಮೂವತ್ತೆಂಟು ದಿರ್ಹಾಮ್.
ಯಾರು ಕೂರುತ್ತಾರೋ ಅದರ ಮೇಲೆ,
ಫೋನು ನೋಡುತ್ತ, ಕೈಯಿಟ್ಟಲ್ಲಿ
ಬೆಣೆಯ ಗೆರೆ ಬೆರಳಿಗೆ ತಾಗುತ್ತದೋ ಇಲ್ಲವೋ.

ಚೀಟಿಯಲ್ಲಿ ಬರೆದಿಟ್ಟಿದ್ದೇನೆ:
ನಲವತ್ತೊಂದು ಬಂದವು,
ಇಪ್ಪತ್ತೆರಡು ಬರುವುದಿದೆ.

ಚೀಲದಲ್ಲಿ ಉಳಿದ ಎರಡು ನಾಲಗೆ
ಕ್ಯಾಂಪಿಗೆ ತಂದೆ.
ಅಲುಗುತ್ತಿದ್ದ ಕಬ್ಬಿಣದ ಬಂಕಿನ ಕಾಲಡಿ
ಒಂದರ ಮೇಲೊಂದು ಸರಿಯಾಗಿ ಕೂತವು.
ಮೇಲಿನ ಹಾಸಿಗೆಯ ಹುಡುಗ ಮಗ್ಗುಲಾದರೂ
ಈಗ ಸದ್ದಿಲ್ಲ.