ಸೂರು

ಕಡವಿನ ಗುಡಿಯಲ್ಲಿ ಇದು ಮೂರನೆಯ ರಾತ್ರಿ.
ಯಾಂಗ್‌ತ್ಸೆಯ ಮೇಲೆ ಮಂಜು; ದೋಣಿಯಿಲ್ಲ.
ಹುಲ್ಲುಚಪ್ಪಲಿಯಲ್ಲಿ ಎಡಗಾಲಿನದು ಹರಿದಿದೆ,
ಮಸಿ ಹೆಪ್ಪುಗಟ್ಟಿದೆ. ಉಸಿರು ಊದಿ ಊದಿ
ಒಂದು ಸಾಲಿಗಾಗುವಷ್ಟು ಕರಗಿಸಿಕೊಂಡೆ.

ತಲೆ ಬೋಳಿಸಿದ ದಿನ ಗುರು ಹೇಳಿದ್ದರು:
ಲಿಯಾವ್‌ಚೆನ್, ಇನ್ನು ನೀನು ಮನೆ ಬಿಟ್ಟವನು.
ನಮ್ಮ ಮಾತಿನಲ್ಲಿ ಸನ್ಯಾಸಿಗೆ ಹೆಸರೇ ಅದು.
ಇಪ್ಪತ್ತೆಂಟು ವರ್ಷ. ಯಾರು ಕರೆದರೂ
ಬಿಟ್ಟದ್ದನ್ನೇ ನೆನಪಿಸಿ ಕರೆಯುತ್ತಾರೆ.

ಆಕಾಶವೇ ಚಾವಣಿ, ದಿಕ್ಕುಗಳೇ ಗೋಡೆ ಎಂದು
ಒಮ್ಮೆ ಬಂಡೆಯ ಮೇಲೆ ಬರೆದಿದ್ದೆ, ಜಂಬದಲ್ಲಿ.
ಮೊನ್ನೆ ಅದೇ ದಾರಿಯಲ್ಲಿ ಬಂದೆ;
ಪಾಚಿ ಓದಿ ಮುಗಿಸಿತ್ತು.

ಸಂಜೆ ಉಪ್ಪಿನ ವ್ಯಾಪಾರಿಯೊಬ್ಬ
ಹೇಸರಗತ್ತೆಗೆ ಬೈದ. ನಮ್ಮೂರ ಬೈಗುಳ!
ಸಿಚುವಾನ್ ಸೀಮೆಯ ಆ ಎಳೆದ ರಾಗ.
ಸೂತ್ರ ನಡುವೆಯೇ ತಪ್ಪಿತು.
ಇನ್ನೊಮ್ಮೆ ಬೈಯಲಿ ಎಂದು ಕಿವಿಗೊಟ್ಟು ಕೂತೆ.
ಹಾಳಾದ ಹೇಸರಗತ್ತೆ, ತೆಪ್ಪಗೆ ನಡೆದುಬಿಟ್ಟಿತು.

ಈಗ ಕುಂಚ ಹಿಡಿದು 'ಮನೆ' ಎಂದು ಬರೆಯಹೊರಟರೆ
ನಮ್ಮ ಅಕ್ಷರದಲ್ಲಿ ಮೇಲೊಂದು ಸೂರು, ಕೆಳಗೊಂದು ಹಂದಿ.
ಮುಸ್ಸಂಜೆ ಅವ್ವ ಹಂದಿಗಳನ್ನು ಕೂಗುತ್ತಿದ್ದದ್ದು,
ಕಲಗಚ್ಚಿನ ಹಬೆಯಲ್ಲಿ ಅವಳ ಮೊಣಕೈ,
ಅದೇ ಉಸಿರಲ್ಲಿ ನನ್ನನ್ನೂ ಕೂಗುತ್ತಿದ್ದದ್ದು.
ಆ ಹೆಸರಿಗೆ ಈಗ ಓಗೊಡುವಂತಿಲ್ಲ.

ಕ್ರಮ ತಪ್ಪಿ, ಹಂದಿಯನ್ನೇ ಮೊದಲು ಬರೆದೆ.
ಸೂರಿಗೆ ಬರುವಷ್ಟರಲ್ಲಿ ಮಸಿ ಮತ್ತೆ ಕಲ್ಲು.

ಬಯಲಲ್ಲೇ ನಿಂತಿತ್ತು, ಪಾಪ, ಕಾಗದದ ಮೇಲೆ.
ಬೆಳಗಿನ ಜಾವ ಗಂಟೆ ಬಡಿದಾಗ ನೋಡಿದೆ:
ಅದರ ಮೇಲೆ ಅಂಗೈ ಕವುಚಿ
ಮಲಗಿಬಿಟ್ಟಿದ್ದೆ.